ಓಪನಿಂಗ್ ವೀಕೆಂಡ್ ಪೂರ್ತಿ ಖಾಲಿ: ಜಿಂಕೆ ಇಲ್ಲವೋ, ನಮ್ಮ ಲೆಕ್ಕ ತಪ್ಪೋ?

ಬ್ಯಾಜರ್ ಬಸ್ಯಾ (ಭಾನುವಾರ, ರಾತ್ರಿ 8:12)
ಅಮೆರಿಕದ ವಿಸ್ಕಾನ್ಸಿನ್ನಿನಾಗ ಕೋವಿ ಹಿಡಿದು ಜಿಂಕಿ ಬ್ಯಾಟಿ ಆಡೂ ಒಂಬತ್ತು ದಿನದ ಗನ್ ಸೀಸನ್ನಿನಾಗ ಎರಡು ದಿನ ಹೋದ್ವು. ರಿಚ್‌ಲ್ಯಾಂಡ್ ಕೌಂಟಿ, ಗುಡ್ಡದ ಸೀಮಿ, ಸುತ್ತ ಮೆಕ್ಕೆಜೋಳ. ಶನಿವಾರ ಬೆಳಿಗ್ಗೆ ಮೊದಲ ತಾಸಿನ್ಯಾಗ ಕೇಳಬೇಕಾದ ಈಡಿನ ಸಪ್ಪಳ ಬೆರಳಿನ್ಯಾಗ ಎಣಿಸೂವಷ್ಟು. ಮಧ್ಯಾಹ್ನ 55 ಡಿಗ್ರಿ ಫ್ಯಾರನ್‌ಹೀಟ್, ಹಿಮ ಇಲ್ಲ, ಗಾಳಿ ಜೋರು. ಅಕ್ಟೋಬರಿನಾಗ ಕಾಡಿನ್ಯಾಗ ಕಟ್ಟಿದ ಕ್ಯಾಮೆರಾ ತುಂಬ ಜಿಂಕಿ ಇದ್ವು. ಈಗ ಎಲ್ಲಿ ಹೋದ್ವು? ಉಳಿದ ಏಳು ದಿನ ಏನ್ ಬದಲಿ ಮಾಡಬೇಕು? ತಿಳಿದಾವ್ರು ಹೇಳ್ರಿ. ‘ನಸೀಬು’ ಅನ್ನೂದು ಬಿಟ್ಟು.

ನೋಡುಗ 42
ತೋಳ. ಇನ್ನೇನು ಹೇಳೋದಿದೆ.

ಮರಸು ಮಾವ
ತೋಳಕ್ಕೆ ಆಮೇಲೆ ಬರೋಣ, ಮೊದಲು ಕ್ಯಾಲೆಂಡರ್ ನೋಡಿ. ವಿಸ್ಕಾನ್ಸಿನ್ನಲ್ಲಿ ಸೀಸನ್ ಶುರುವಾಗೋದು ಥ್ಯಾಂಕ್ಸ್‌ಗಿವಿಂಗ್ (ನವೆಂಬರ್ ನಾಲ್ಕನೇ ಗುರುವಾರದ ಹಬ್ಬ) ಹಿಂದಿನ ಶನಿವಾರ. ಹಾಗಾಗಿ ಅದು ನವೆಂಬರ್ 17ರಿಂದ 23ರ ನಡುವೆ ಓಡಾಡ್ತಾ ಇರುತ್ತೆ. ಜಿಂಕೆಯ ಬೆದೆಗಾಲ ಹಾಗೆ ಓಡಾಡಲ್ಲ. ಅದನ್ನ ನಿರ್ಧರಿಸೋದು ಹಗಲಿನ ಉದ್ದ, ಆದ್ದರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖು, ನವೆಂಬರ್ ಎರಡನೇ ವಾರದ ಆಸುಪಾಸು. ನವೆಂಬರ್ 17ಕ್ಕೆ ಕೂತವನಿಗೆ ಹೆಣ್ಣಿನ ಹಿಂದೆ ಹಗಲಲ್ಲೇ ಓಡೋ ಗಂಡು ಸಿಗುತ್ತೆ. 23ಕ್ಕೆ ಕೂತವನಿಗೆ ಸಿಗೋದು ಸುಸ್ತಾಗಿ ಪೊದೆಯೊಳಗೆ ಮಲಗಿರೋ ಗಂಡು.

ಉದಾಹರಣೆ ಕೈಯಲ್ಲೇ ಇದೆ. 2018ರಲ್ಲಿ ಓಪನಿಂಗ್ ನವೆಂಬರ್ 17, ಅದಕ್ಕಿಂತ ಬೇಗ ಬರೋಕೆ ಸಾಧ್ಯವೇ ಇಲ್ಲ. ಮೊದಲ ವಾರಾಂತ್ಯ ಸುಮಾರು 1 ಲಕ್ಷ 23 ಸಾವಿರ ಜಿಂಕೆ. 2019ರಲ್ಲಿ ನವೆಂಬರ್ 23, ಅದಕ್ಕಿಂತ ತಡವಾಗೋಕೆ ಸಾಧ್ಯವಿಲ್ಲ. ಸುಮಾರು 90 ಸಾವಿರ. ಶೇ. 27 ಇಳಿತ. ಒಂದೇ ವರ್ಷದಲ್ಲಿ ಕಾಡಿನ ಕಾಲು ಭಾಗ ಜಿಂಕೆ ಆವಿಯಾಗಿ ಹೋದವಾ?

ನೋಡುಗ 42
2023ರಲ್ಲಿ ಓಪನಿಂಗ್ ನವೆಂಬರ್ 18. ಬೇಗನೇ ಬಂತು. ಆದ್ರೂ ಒಂಬತ್ತು ದಿನದ ಒಟ್ಟು ಲೆಕ್ಕ ಸುಮಾರು 1 ಲಕ್ಷ 74 ಸಾವಿರಕ್ಕೆ ಬಿತ್ತು, ಹಿಂದಿನ ವರ್ಷ 2 ಲಕ್ಷ ದಾಟಿತ್ತು. ನಿಮ್ಮ ಕ್ಯಾಲೆಂಡರ್ ಅಲ್ಲಿ ಯಾಕೆ ಕೆಲಸ ಮಾಡಲಿಲ್ಲ ಮಾವ?

ಮರಸು ಮಾವ
ಒಳ್ಳೇ ಪ್ರಶ್ನೆ, ಒಪ್ತೀನಿ. ಕ್ಯಾಲೆಂಡರ್ ಒಂದೇ ಕಾರಣ ಅಂತ ಎಲ್ಲೂ ಹೇಳಿಲ್ಲ. 2023ರಲ್ಲಿ ಹಿಮ ಇರಲಿಲ್ಲ, ಮೇಲಾಗಿ ಅದರ ಹಿಂದಿನ ಚಳಿಗಾಲ ಉತ್ತರದಲ್ಲಿ ಕಠಿಣವಾಗಿತ್ತು.

ಲ್ಯಾಬ್ ಲೀಲಾ
‘ಕಠಿಣ ಚಳಿಗಾಲ’ ಅನ್ನೋದಕ್ಕೂ ಒಂದು ಲೆಕ್ಕ ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೆಲದ ಮೇಲೆ 18 ಇಂಚು ಅಥವಾ ಹೆಚ್ಚು ಹಿಮ ಇದ್ದ ಪ್ರತಿ ದಿನಕ್ಕೆ ಒಂದು ಅಂಕ, ತಾಪಮಾನ ಸೊನ್ನೆ ಫ್ಯಾರನ್‌ಹೀಟ್‌ಗೆ ಇಳಿದ ಪ್ರತಿ ದಿನಕ್ಕೆ ಇನ್ನೊಂದು. ಎರಡೂ ಆದ ದಿನಕ್ಕೆ ಎರಡು. ಒಟ್ಟು 50ಕ್ಕಿಂತ ಕಡಿಮೆ ಇದ್ದರೆ ಸೌಮ್ಯ, 80 ದಾಟಿದರೆ ತೀವ್ರ, 100 ದಾಟಿದರೆ ಅತಿ ತೀವ್ರ. ತೀವ್ರ ಚಳಿಗಾಲದ ಹೊಡೆತ ಮೊದಲು ಬೀಳೋದು ಮರಿಗಳ ಮೇಲೆ. ಬಡಕಲು ತಾಯಿಗೆ ಹುಟ್ಟಿದ ಮರಿ ಬೇಸಿಗೆ ಕಾಣಲ್ಲ. ಒಂದೂವರೆ ವರ್ಷ ಆದ ಮೇಲೆ ಗಂಡುಗಳ ಲೆಕ್ಕದಲ್ಲಿ ಆ ತೂತು ಎದ್ದು ಕಾಣುತ್ತೆ.

ಇನ್ನು ತೋಳ. ವಿಸ್ಕಾನ್ಸಿನ್ ತೋಳಗಳು ಹೆಚ್ಚಾಗಿ ಇರೋದು ಉತ್ತರದ ಕಾಡಿನಲ್ಲಿ, ಮಧ್ಯಭಾಗದ ಕಾಡಿನ ಪಟ್ಟಿಯಲ್ಲಿ. ರಿಚ್‌ಲ್ಯಾಂಡ್ ದಕ್ಷಿಣದ ಹೊಲಗದ್ದೆ ವಲಯ. ಉತ್ತರದವರು ತೋಳದ ಮಾತು ಎತ್ತಿದರೆ ವಾದಕ್ಕೆ ಜಾಗ ಇದೆ, ಅಲ್ಲಿ ಕಾಡು ಹಳತಾಗಿ ಎಳೆ ಚಿಗುರು ಕಮ್ಮಿಯಾಗಿರೋದೂ ಸೇರಿಸಿಕೊಂಡು. ಬಸ್ಯಾ ಅವರ ಗುಡ್ಡಕ್ಕೆ ಅದನ್ನ ಅಂಟಿಸಬೇಡಿ.

ಸೋವಿನ ಸೋಮ
ನಿಜವಾದ ಕಾರಣ ಯಾರೂ ಹೇಳ್ತಿಲ್ಲ ಮಾರಾಯ್ರೆ. ಈಗ ಯಾರೂ ಕಾಡಲ್ಲಿ ನಡೆಯೋದಿಲ್ಲ! ಎಲ್ಲರಿಗೂ ಪೆಟ್ಟಿಗೆಯಂಥ ಮರಸು (ಅಡಗಿ ಕೂರೋ ಅಟ್ಟಣೆ), ಒಳಗೆ ಪ್ರೊಪೇನ್ ಹೀಟರ್, ಕೈಯಲ್ಲಿ ಫೋನು. 1990ರ ಸುಮಾರಿಗೆ ಏಳು ಲಕ್ಷದ ಹತ್ತಿರ ಬೇಟೆಗಾರರು ಇದ್ದರು, ಈಗ ಐದೂವರೆ ಲಕ್ಷದ ಆಸುಪಾಸು. ಅವರಲ್ಲೂ ಸೋವು ಮಾಡೋರು, ಅಂದ್ರೆ ಪೊದೆಗೆ ನುಗ್ಗಿ ಜಿಂಕೆ ಎಬ್ಬಿಸಿ ಓಡಿಸೋರು, ಎಷ್ಟು ಜನ? ಜಿಂಕೆಯನ್ನ ಎಬ್ಬಿಸೋರೇ ಇಲ್ಲ ಅಂದ್ರೆ ಅದು ಯಾಕೆ ಏಳಬೇಕು? 55 ಡಿಗ್ರಿಯಲ್ಲಿ ಚಳಿಗಾಲದ ಟೊಳ್ಳು ಕೂದಲಿನ ಕಂಬಳಿ ಹೊದ್ದುಕೊಂಡಿರೋ ಪ್ರಾಣಿ ಅದು. ನೆರಳಲ್ಲಿ ಮಲಗಿ ಕತ್ತಲಾದ ಮೇಲೆ ಏಳುತ್ತೆ.

ಇನ್ನು ನಿಂತ ಜೋಳ. ನಲವತ್ತು ಎಕರೆ ಕೊಯ್ಯದ ಮೆಕ್ಕೆಜೋಳ ಇದ್ದರೆ ಜಿಂಕೆಗೆ ಊಟ, ಮರೆ, ಹಾಸಿಗೆ ಮೂರೂ ಒಂದೇ ಕಡೆ. ಕಾಡಿಗೆ ಬರೋ ಅವಶ್ಯಕತೆಯೇ ಇಲ್ಲ.

ಬ್ಯಾಜರ್ ಬಸ್ಯಾ
ಬಾಜೂ ಹೊಲದಾಗ ಅರ್ಧ ಜೋಳ ಇನ್ನೂ ನಿಂತದ. ಅದರಾಗ ಅದಾವೇನು ಹಂಗಾರ?

ಸೋವಿನ ಸೋಮ
ನೂರಕ್ಕೆ ತೊಂಬತ್ತು. ಹೊಲದ ಅಂಚಿನ ಸಾಲಲ್ಲಿ ಹಸಿ ಹಿಕ್ಕೆ, ಎಲೆ ಮುರಿದು ಬಿದ್ದ ತೆನೆ, ತೆನೆಯ ತುದಿ ಮಾತ್ರ ತಿಂದು ಬಿಟ್ಟಿರೋದು ನೋಡಿ. ರೈತ ಕಂಬೈನ್ (ಕೊಯ್ಲು ಯಂತ್ರ) ಯಾವತ್ತು ಇಳಿಸ್ತಾನೆ ಅಂತ ಕೇಳಿ. ಕಂಬೈನ್ ಕೊನೆಯ ಎಂಟು ಹತ್ತು ಸಾಲಿಗೆ ಬಂದಾಗ ಜಿಂಕೆ ಹೊರಗೆ ಚಿಮ್ಮುತ್ತವೆ, ಅದೂ ಹತ್ತಿರದ ಹಳ್ಳದ ಸಾಲು ಹಿಡಿದು. ಯಂತ್ರದ ಕಡೆಗೆ, ಮನೆ ಕಡೆಗೆ ಗುರಿ ಇಡಬಾರದು ಅಂತ ಪ್ರತ್ಯೇಕ ಹೇಳಬೇಕಾಗಿಲ್ಲ.

ಮಿಷಿಗನ್ ಮಂಜು
ನಮ್ಮಲ್ಲಿ ಈ ತಾರೀಖಿನ ತಕರಾರೇ ಇಲ್ಲ. ವಾರ ಯಾವುದೇ ಇರಲಿ, ನವೆಂಬರ್ 15ಕ್ಕೆ ಶುರು, 30ಕ್ಕೆ ಮುಗೀತು. ಬೆದೆಗಾಲ ಕೈಗೆ ಸಿಗುತ್ತೆ. ಆದರೆ 15 ಮಂಗಳವಾರ ಬಂದರೆ ಅರ್ಧ ಜನ ಆಫೀಸಲ್ಲಿ. ಎಲ್ಲಾ ವ್ಯವಸ್ಥೆಗೂ ಒಂದು ಬಾಲ ಇದ್ದೇ ಇರುತ್ತೆ.

ಪಿಟ್ಸ್‌ಬರ್ಗ್ ಪದ್ದಿ
ಪೆನ್ಸಿಲ್ವೇನಿಯಾದಲ್ಲಿ ಥ್ಯಾಂಕ್ಸ್‌ಗಿವಿಂಗ್ ನಂತರದ ಸೋಮವಾರ ಅನ್ನೋದು ಹಬ್ಬದ ಹಾಗೆ ಇತ್ತು, ಶಾಲೆಗೂ ರಜೆ. 2019ರಲ್ಲಿ ಅದನ್ನ ಶನಿವಾರಕ್ಕೆ ತಂದರು. ಕೆಲಸಕ್ಕೆ ಹೋಗೋರಿಗೆ ಅನುಕೂಲ ಆಯ್ತು, ಕ್ಯಾಂಪಿಗೆ ಹೋಗೋ ಹಳಬರಿಗೆ ಸಿಟ್ಟು ಬಂತು. ಹಬ್ಬದ ಊಟ ಬಿಟ್ಟು ಹೊರಡಬೇಕಲ್ಲ! ಬೆದೆಗಾಲ ಅಂತೂ ನಮಗೆ ಎರಡರಲ್ಲೂ ಮುಗಿದಿರುತ್ತೆ.

ನೋಡುಗ 42
ಹುಣ್ಣಿಮೆ ಬಗ್ಗೆ ಯಾರೂ ಮಾತಾಡ್ತಿಲ್ಲ? ರಾತ್ರಿಯೆಲ್ಲ ಮೇಯ್ದರೆ ಹಗಲು ಯಾಕೆ ಬರ್ತವೆ.

ಲ್ಯಾಬ್ ಲೀಲಾ
ಹಳೇ ನಂಬಿಕೆ. ಕೊರಳಿಗೆ ಜಿಪಿಎಸ್ ಪಟ್ಟಿ ಹಾಕಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದವರು ನೋಡಿದಾಗಲೂ ಚಂದ್ರನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹುಣ್ಣಿಮೆಯಿರಲಿ ಅಮಾವಾಸ್ಯೆಯಿರಲಿ, ಜಿಂಕೆ ಹೆಚ್ಚು ಓಡಾಡೋದು ಮುಂಜಾವು ಮತ್ತು ಮುಸ್ಸಂಜೆ.

ನೋಡುಗ 42
ಸರಿ ಬಿಡಿ, ತೋಳನೂ ಹೋಯ್ತು ಚಂದ್ರನೂ ಹೋದ.

ಮರಸು ಮಾವ
ಬಸ್ಯಾ ಅವರೇ, ಕ್ಯಾಮೆರಾ ವಿಷಯ. ಅಕ್ಟೋಬರ್ ಫೋಟೋ ನವೆಂಬರ್ ಕೊನೆಗೆ ಉಪಯೋಗಕ್ಕೆ ಬರಲ್ಲ. ಆವಾಗ ಸೋಯಾ ಹಸಿರಿತ್ತು, ಬಿಳಿ ಓಕ್ ಕಾಯಿ ಉದುರ್ತಿತ್ತು. ಈಗ ಸೋಯಾ ಒಣಗಿದೆ, ಬಿಳಿ ಓಕ್ ಕಾಯಿ ಖಾಲಿ, ಉಳಿದಿರೋದು ಕಹಿ ಜಾಸ್ತಿ ಇರೋ ಕೆಂಪು ಓಕ್ ಕಾಯಿ. ಅದು ಯಾವ ಇಳಿಜಾರಲ್ಲಿ ಬಿದ್ದಿದೆಯೋ ಜಿಂಕೆ ಅಲ್ಲೇ. ಕೊನೆಯ ಐದು ದಿನದ, ಹಗಲು ಹೊತ್ತಿನ ಫೋಟೋ ಮಾತ್ರ ಲೆಕ್ಕಕ್ಕೆ ತಗೊಳ್ಳಿ. ರಾತ್ರಿ ಎರಡು ಗಂಟೆಗೆ ಬಂದ ಹತ್ತು ಕವಲಿನ ಗಂಡು ಫೋನಿನ ವಾಲ್‌ಪೇಪರ್‌ಗೆ ಚೆಂದ.

ಕೊಡಗ್ ಕೋವಿ
ಗಾಳಿ ಮರೆತೇಬಿಟ್ಟಿರಲ್ಲ. ಅದೂ ಆ ಗುಡ್ಡಸೀಮೆಯಲ್ಲಿ. ಹವಾಮಾನ ಆ್ಯಪ್‌ನಲ್ಲಿ ‘ವಾಯವ್ಯ ಗಾಳಿ’ ಅಂತ ಇದ್ದರೂ ಕಣಿವೆಯೊಳಗೆ ಬೇರೆಯೇ ಆಟ. ಸೂರ್ಯ ಇಳಿಜಾರಿಗೆ ತಾಗೋ ತನಕ ತಂಪು ಗಾಳಿ ಕೆಳಕ್ಕೆ ಹರಿಯುತ್ತೆ, ತಾಗಿದ ಮೇಲೆ ಬೆಚ್ಚಗಾಗಿ ಮೇಲಕ್ಕೆ ಏರುತ್ತೆ, ಸಂಜೆ ಮತ್ತೆ ಕೆಳಕ್ಕೆ. ಬೆಳಿಗ್ಗೆ ಕಣಿವೆಯ ತಳದಲ್ಲಿ ಕೂತರೆ ಎಂಟೂವರೆ ಹೊತ್ತಿಗೆ ನಿಮ್ಮ ವಾಸನೆ ಇಡೀ ಗುಡ್ಡಕ್ಕೆ ಊದುಬತ್ತಿ ಹಚ್ಚಿದ ಹಾಗೆ. ಬೆಳಿಗ್ಗೆ ಇಳಿಜಾರಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಕೂರಬೇಕು, ಸಂಜೆ ಕೆಳಗೆ. ಜೇಬಲ್ಲಿ ಹತ್ತಿಯ ಎಳೆ ಇಟ್ಟುಕೊಳ್ಳಿ, ಅರ್ಧ ಗಂಟೆಗೊಮ್ಮೆ ಒಂದು ಚೂರು ಬಿಟ್ಟು ಅದು ಎಲ್ಲಿಗೆ ಹೋಗುತ್ತೆ ನೋಡಿ. ದುಡ್ಡು ಕೊಟ್ಟು ಪುಡಿ ಡಬ್ಬಿ ಬೇಡ.

ಬ್ಯಾಜರ್ ಬಸ್ಯಾ
ಮರಸು ಇರೂದು ತಳದಾಗ, ಹಳ್ಳದ ಬಾಜೂ! ತಿಳೀತು.

ಹೊಸ ಲೈಸೆನ್ಸ್
ನಡುವೆ ಒಂದು ಪ್ರಶ್ನೆ. ಸ್ಕೋಪ್ ಒಳಗೆ ಮಂಜು ಕಟ್ಟುತ್ತೆ, ಟ್ರಿಗರ್ ಎಳೆದರೆ ಬರೀ ‘ಕ್ಲಿಕ್’. ತೋಟಾ ಕೆಟ್ಟಿದ್ದಾ?

ಕೊಡಗ್ ಕೋವಿ
ಎರಡೂ ಬೇರೆ ರೋಗ.

ಮಂಜು: ಕೋವಿಯನ್ನ ರಾತ್ರಿ ಬೆಚ್ಚಗಿನ ಮನೆಯೊಳಗೆ ತರೋದೇ ತಪ್ಪು. ಕೊರೆಯೋ ಲೋಹಕ್ಕೆ ಮನೆಯ ತೇವದ ಗಾಳಿ ತಾಗಿದ ಕೂಡಲೇ ನೀರು ಕಟ್ಟುತ್ತೆ, ಬೆಳಿಗ್ಗೆ ಹೊರಗೆ ಒಯ್ದರೆ ಅದೇ ಹೆಪ್ಪುಗಟ್ಟುತ್ತೆ. ತೋಟಾ ತೆಗೆದು, ಚೀಲದಲ್ಲಿ ಹಾಕಿ, ಬೀಗ ಹಾಕಿದ ತಣ್ಣನೆಯ ಗ್ಯಾರೇಜಿನಲ್ಲಿಡಿ. ಗಾಜಿನ ಮೇಲೆ ಉಸಿರು ಬಿದ್ದು ಮಸುಕಾಗಿದ್ದರೆ ಒರೆಸಿದರೆ ಹೋಗುತ್ತೆ. ಗಾಜಿನ ಒಳಮೈಯಲ್ಲಿ ಮಂಜು ಇದ್ದರೆ ಸ್ಕೋಪಿನ ಸೀಲ್ ಹೋಗಿದೆ. ಅಂಗಡಿಗೆ ವಾಪಸ್ ಕೊಡೋದೇ.

ಕ್ಲಿಕ್: ಮೊದಲು ನಳಿಗೆಯನ್ನ ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ, ತಡವಾಗಿ ಹಾರೋ ತೋಟಾ ಇರುತ್ತೆ. ಆಮೇಲೆ ಬೋಲ್ಟ್ ತೆಗೆದು ತೋಟಾದ ಹಿಂಬದಿ ನೋಡಿ. ಪಿನ್ ಹೊಡೆದ ಗುಳಿ ಆಳವಾಗಿ ಇಲ್ಲದಿದ್ದರೆ ತಪ್ಪು ತೋಟಾದ್ದಲ್ಲ, ಬೋಲ್ಟ್ ಒಳಗಿನ ಎಣ್ಣೆಯದ್ದು. ಬೇಸಿಗೆಯಲ್ಲಿ ಹಚ್ಚಿದ ಗ್ರೀಸ್ ಚಳಿಗೆ ಗಟ್ಟಿಯಾಗಿ ಪಿನ್ನಿನ ಓಟ ನಿಧಾನ ಮಾಡುತ್ತೆ. ಸೀಸನ್‌ಗೆ ಮುಂಚೆ ಬೋಲ್ಟ್ ಬಿಚ್ಚಿ, ಡಿಗ್ರೀಸರ್‌ನಲ್ಲಿ ತೊಳೆದು ಒಣಗಿಸಿ, ಬಟ್ಟೆಗೆ ಒಂದೇ ಹನಿ ತೆಳು ಎಣ್ಣೆ ಹಾಕಿ ಒರೆಸಿ. ಅಷ್ಟೇ.

ಮಿಷಿಗನ್ ಮಂಜು
ಅದರ ಜತೆಗೆ ಗುರಿ ಸರಿ ಇದೆಯಾ ಅಂತಲೂ ನೋಡ್ಕೋ ಗುರು. ತ್ರೀ-ನಾಟ್-ಎಯ್ಟ್ (.308) ರೈಫಲ್ ಆದರೆ 100 ಗಜಕ್ಕೆ ಒಂದೂವರೆಯಿಂದ ಎರಡು ಇಂಚು ಮೇಲೆ ಬೀಳೋ ಹಾಗೆ ಕೂರಿಸಿದರೆ 200 ಗಜದವರೆಗೆ ನೇರ ಹಿಡಿದು ಹೊಡೀಬಹುದು. ಹೊಸ ಪೆಟ್ಟಿಗೆ ತೋಟಾ ತಂದರೆ, ಅದೇ ಕಂಪನಿ ಆದರೂ ತೂಕ ಬೇರೆ ಇದ್ದರೆ, ಮತ್ತೆ ಮೂರು ಈಡು ಹಾಕಿ ನೋಡಲೇಬೇಕು. ಮೊದಲ ದಿನ ತಪ್ಪಿದ ಅರ್ಧ ಜಿಂಕೆಗಳು ಸಡಿಲ ಸ್ಕೋಪ್ ಸ್ಕ್ರೂವಿನ ಪುಣ್ಯ.

ಹೊಸ ಲೈಸೆನ್ಸ್
ತಾಗಿದ ಮೇಲೆ ಓಡಿಹೋದರೆ ಎಷ್ಟು ಹೊತ್ತು ಕಾಯಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಕೊಡಗ್ ಕೋವಿ
ಗಡಿಯಾರಕ್ಕಿಂತ ನೆಲ ನೋಡಿ. ಈಡು ತಾಗುವಾಗ ಜಿಂಕೆ ನಿಂತಿದ್ದ ಜಾಗಕ್ಕೆ ಮರದ ಗುರುತು ಇಟ್ಟುಕೊಂಡು ಇಳಿಯಿರಿ. ಎಲೆ ಮೇಲೆ ತಿಳಿಗೆಂಪು ರಕ್ತ, ಅದರಲ್ಲಿ ಸಣ್ಣ ಸಣ್ಣ ನೊರೆಗುಳ್ಳೆ ಇದ್ದರೆ ಶ್ವಾಸಕೋಶ. ಅರ್ಧ ಗಂಟೆ ಸಾಕು, ಸಾಮಾನ್ಯವಾಗಿ ನೂರು ಗಜದೊಳಗೆ ಬಿದ್ದಿರುತ್ತೆ. ಕಪ್ಪಿಗೆ ತಿರುಗಿದ ದಟ್ಟ ಕೆಂಪು, ನೊರೆ ಇಲ್ಲ ಅಂದ್ರೆ ಯಕೃತ್ತು. ನಾಲ್ಕರಿಂದ ಆರು ಗಂಟೆ. ನೀರು ನೀರಾಗಿ, ಹಸಿರು-ಕಂದು ಚೂರು ಸೇರಿ, ಮೂಸಿದರೆ ಹುಳಿ ನಾತ ಇದ್ದರೆ ಹೊಟ್ಟೆಗೆ ತಾಗಿದೆ. ಎಂಟರಿಂದ ಹನ್ನೆರಡು ಗಂಟೆ ಕಾಯಬೇಕು. ಆತುರಕ್ಕೆ ಹಿಂದೆ ಬಿದ್ದರೆ ಮಲಗಿದ್ದ ಜಿಂಕೆ ಎದ್ದು ಮುಂದಿನ ಕಣಿವೆಗೆ ಹೋಗುತ್ತೆ, ಅಲ್ಲಿಗೆ ಮುಗೀತು. ಪ್ರತಿ ರಕ್ತದ ಗುರುತಿಗೂ ಟಾಯ್ಲೆಟ್ ಪೇಪರ್ ಚೂರು ಸಿಕ್ಕಿಸುತ್ತಾ ಹೋಗಿ. ಹಿಂತಿರುಗಿ ನೋಡಿದರೆ ಓಡಿದ ದಿಕ್ಕು ಗೆರೆ ಎಳೆದ ಹಾಗೆ ಕಾಣುತ್ತೆ.

ಲ್ಯಾಬ್ ಲೀಲಾ
55 ಡಿಗ್ರಿಯಲ್ಲಿ ಹನ್ನೆರಡು ಗಂಟೆ ಕಾದರೆ ಮಾಂಸ ಹೋಯ್ತು ಅನ್ನೋದೂ ನೆನಪಿರಲಿ. ಬೆಚ್ಚಗಿನ ಓಪನಿಂಗ್‌ನ ಇನ್ನೊಂದು ಮುಖ ಇದು. ಸಿಕ್ಕ ಕೂಡಲೇ ಕರುಳು ತೆಗೆದು, ಎದೆಗೂಡು ಕೋಲಿಟ್ಟು ಅಗಲಿಸಿ, ಒಳಗೆ ಎರಡು ಚೀಲ ಐಸ್. ಚೀಲ ಬಿಚ್ಚದೆ ಇಡಿ, ಕರಗಿದ ನೀರು ಮಾಂಸಕ್ಕೆ ತಾಗಬಾರದು. 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸೋದೇ ಗುರಿ. ಮರಕ್ಕೆ ತೂಗುಹಾಕಿ ಫೋಟೋ ತೆಗೆಯುತ್ತಾ ಅರ್ಧ ದಿನ ಕಳೆಯೋರಿಗೆ ಏನು ಹೇಳೋದು.

ಇನ್ನೊಂದು ಮಾತು. ರಿಚ್‌ಲ್ಯಾಂಡ್ ಅಂದ್ರೆ ಸಿಡಬ್ಲ್ಯೂಡಿ (ಜಿಂಕೆಯನ್ನ ಸೊರಗಿಸಿ ಕೊಲ್ಲೋ ಮಿದುಳಿನ ರೋಗ) ಸೀಮೆ. ಈ ರೋಗ ವಿಸ್ಕಾನ್ಸಿನ್ನಲ್ಲಿ ಮೊದಲು ಪತ್ತೆಯಾಗಿದ್ದು 2002ರಲ್ಲಿ. ಕಾರಣ ಪ್ರಿಯಾನ್, ಅಂದರೆ ತಿರುಚಿಕೊಂಡ ಪ್ರೋಟೀನ್. ಬೇಯಿಸಿದರೆ ಸಾಯೋಕೆ ಅದು ಜೀವಿಯೇ ಅಲ್ಲ. ತಲೆಯ ಜತೆ ಐದು ಇಂಚು ಕತ್ತು ಬಿಟ್ಟು ಕತ್ತರಿಸಿ, ತಪಾಸಣೆಗೆ ತಲೆ ಒಪ್ಪಿಸೋ ಕಿಯೋಸ್ಕ್‌ನಲ್ಲಿ ಇಡಿ, ಗಂಟಲ ಹಿಂದಿನ ದುಗ್ಧಗ್ರಂಥಿ ತೆಗೆದು ನೋಡ್ತಾರೆ. ಫಲಿತಾಂಶ ಬರೋ ತನಕ ಎರಡು ವಾರ ಮಾಂಸ ಫ್ರೀಜರ್‌ನಲ್ಲೇ ಇರಲಿ, ಹೆಸರು ಬರೆದು, ಬೇರೆ ಜಿಂಕೆಯ ಜತೆ ಬೆರೆಸದೆ. ಪಾಸಿಟಿವ್ ಬಂದರೆ ತಿನ್ನಬೇಡಿ ಅನ್ನೋದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಸಲಹೆ. ಬೆನ್ನುಮೂಳೆ ಗರಗಸದಲ್ಲಿ ಕೊಯ್ಯದೆ ಮೂಳೆಯಿಂದ ಮಾಂಸ ಬಿಡಿಸಿಕೊಳ್ಳಿ.

ಪಿಟ್ಸ್‌ಬರ್ಗ್ ಪದ್ದಿ
ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ್ರೆ ಪ್ರಿಯಾನ್ ಹೋಗುತ್ತಾ? 😄

ಲ್ಯಾಬ್ ಲೀಲಾ
ಇಲ್ಲ. ಮಾಂಸದ ಗಡಸು ಸ್ವಲ್ಪ ಹೋಗುತ್ತೆ.

ಕೊಡಗ್ ಕೋವಿ
ಪಂದಿಕರಿ ಮಸಾಲೆಯಲ್ಲೇ ಮಾಡಬಹುದು, ಆದರೆ ಹಂದಿಯಲ್ಲಿರೋ ಕೊಬ್ಬು ಇದರಲ್ಲಿಲ್ಲ. ಜಿಂಕೆಯ ಕೊಬ್ಬು ಮೇಣದ ಹಾಗೆ ಬಾಯಿಯ ಅಂಗಳಕ್ಕೆ ಅಂಟುತ್ತೆ, ಅದನ್ನೂ ಬೆಳ್ಳಿ ಬಣ್ಣದ ಪೊರೆಯನ್ನೂ ಪೂರ್ತಿ ಕೆತ್ತಿ ತೆಗೆಯಬೇಕು. ಕಾಡು ವಾಸನೆ ಅಂತ ಜನ ಮೂಗು ಮುಚ್ಚೋದು ಮುಕ್ಕಾಲು ಅದಕ್ಕೇ. ಒಂದು ಕಿಲೋ ತೊಡೆ ಮಾಂಸಕ್ಕೆ ಮೂರು ದೊಡ್ಡ ಚಮಚ ಎಣ್ಣೆ ಅಥವಾ ಹಂದಿ ಕೊಬ್ಬು, ಕುಕ್ಕರ್‌ನಲ್ಲಿ ನಾಲ್ಕೈದು ಕೂಗು, ಕಾಚಂಪುಳಿ ಒಂದು ಚಿಕ್ಕ ಚಮಚ ಕೊನೆಯಲ್ಲಿ. ಬೆನ್ನಿನ ಉದ್ದ ಪಟ್ಟಿಯನ್ನ ಮಾತ್ರ ಕುಕ್ಕರ್‌ಗೆ ಹಾಕಬೇಡಿ, ಅದು ಕಾವಲಿಯ ಮೇಲೆ ಎರಡು ಮೂರು ನಿಮಿಷದ ಕೆಲಸ.

ದಾರಿಹೋಕ
ಅಲ್ಲಾ, ಊರಲ್ಲಿ ಜಿಂಕೆ ಕೊಂದ್ರೆ ಜೈಲು. ಅಲ್ಲಿ ಹೋಗಿ ಹಬ್ಬ ಮಾಡ್ತೀರಲ್ಲ, ನಾಚಿಕೆ ಆಗಲ್ವಾ?

ಸೋವಿನ ಸೋಮ
ಊರಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಇರಲೇಬೇಕು. ಕೊಡವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದ್ದರೂ (2029ರವರೆಗೆ ವಿಸ್ತರಣೆ ಆಗಿದೆ) ಬೇಟೆಗೆ ಅಲ್ಲಿ ವಿನಾಯಿತಿ ಇಲ್ಲ. ಇಲ್ಲಿನ ಕಥೆ ಬೇರೆ. ದಕ್ಷಿಣದ ಹೊಲಸೀಮೆಯಲ್ಲಿ ಜಿಂಕೆ ಜಾಸ್ತಿಯಾಗಿ ಬೆಳೆ, ಎಳೆ ಓಕ್ ಗಿಡ, ಹೆದ್ದಾರಿಯ ಕಾರು ಎಲ್ಲಕ್ಕೂ ತೊಂದರೆ. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಪ್ರಕಾರ ರೈಫಲ್ ಮತ್ತು ತೋಟಾ ಮೇಲಿನ ಶೇ. 11 ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೇ ಹೋಗುತ್ತೆ. ಇಷ್ಟ ಆಗದಿದ್ದರೆ ಬೇಡ, ತಕರಾರಿಲ್ಲ. ಕಾನೂನು ಮಾತ್ರ ಬೆರೆಸಬೇಡಿ.

ದಾರಿಹೋಕ
ತೆರಿಗೆ ಕಟ್ಟಿದ್ರೆ ಪಾಪ ಕಳೆಯುತ್ತೆ ಅನ್ನಿ.

ಹೊಸ ಲೈಸೆನ್ಸ್
ಎಚ್-1ಬಿ ಕೆಲಸದ ವೀಸಾ ಇರೋರು ಕೋವಿ ಹಿಡಿಯಬಹುದಾ ಅಂತ ಎರಡು ಗುಂಪಲ್ಲಿ ಎರಡು ಉತ್ತರ ಸಿಕ್ಕಿದೆ.

ಮರಸು ಮಾವ
ಇದನ್ನ ಹಗುರವಾಗಿ ತಗೋಬೇಡಪ್ಪ. ಎಚ್-1ಬಿ ಥರದ ನಾನ್-ಇಮಿಗ್ರಂಟ್ (ತಾತ್ಕಾಲಿಕ) ವೀಸಾದವರು ಬಂದೂಕು, ತೋಟಾ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರೋ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ‘ಚಾಲ್ತಿಯಲ್ಲಿರೋ’ ಅನ್ನೋದೇ ಕೊಕ್ಕೆ. ವಿಸ್ಕಾನ್ಸಿನ್ ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿಯುತ್ತೆ. ಏಪ್ರಿಲ್ 1ಕ್ಕೆ ಹೊಸ ಲೈಸೆನ್ಸ್ ಇಲ್ಲದೆ ಕಪಾಟಿನಲ್ಲಿ ರೈಫಲ್ ಇದ್ದರೆ, ಹೊರಗೆ ತೆಗೆಯದಿದ್ದರೂ ಅಪರಾಧವೇ. ಗ್ರೀನ್ ಕಾರ್ಡ್ ಕನಸನ್ನ ಒಂದು ತೋಟಾ ಪೆಟ್ಟಿಗೆಗೆ ಒತ್ತೆ ಇಡಬೇಡ. ಬಿಲ್ಲು-ಬಾಣಕ್ಕೆ ಈ ನಿಷೇಧ ಅನ್ವಯಿಸಲ್ಲ, ಹೊಸಬರು ಅದರಿಂದ ಶುರು ಮಾಡೋದು ವಾಸಿ. ಜತೆಗೆ, 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ತರಬೇತಿ ಸರ್ಟಿಫಿಕೇಟ್ ಬೇಕು. ಇಲ್ಲಾಂದ್ರೆ ಕೈಗೆಟಕುವ ದೂರದಲ್ಲಿ ಅರ್ಹ ಮಾರ್ಗದರ್ಶಕ ಇರಬೇಕು.

ಬ್ಯಾಜರ್ ಬಸ್ಯಾ
ಎಲ್ಲಾರದೂ ಓದಿದೆ. ಮೂರು ಮಂದಿ ಅದೀವಿ. ಸಣ್ಣ ಸೋವು ಹೆಂಗ ಮಾಡೂದು, ಸ್ವಲ್ಪ ಬಿಡಿಸಿ ಹೇಳ್ರಿ ಸೋಮಣ್ಣ.

ಸೋವಿನ ಸೋಮ
ಮೂರೇ ಜನ ಅಂದ್ರೆ ಕೂಗಾಟ ಬೇಡ, ಮೆಲ್ಲಗೆ ತಳ್ಳಬೇಕು. ಹತ್ತು ಹದಿನೈದು ಎಕರೆಯ ಪೊದೆ ಆರಿಸಿಕೊಳ್ಳಿ, ಅದಕ್ಕಿಂತ ದೊಡ್ಡದಾದರೆ ಜಿಂಕೆ ಸುತ್ತುಹಾಕಿ ಹಿಂದೆ ಉಳಿಯುತ್ತೆ. ಮೊದಲು ಇಬ್ಬರು ದೂರದಿಂದ ಬಳಸಿಕೊಂಡು ಹೋಗಿ ಬಿಲ್ಲಿಗೆ, ಅಂದ್ರೆ ಜಿಂಕೆ ಹೊರಬರೋ ದಾರಿಯಲ್ಲಿ ಕಾಯೋಕೆ, ನಿಲ್ಲಲಿ, ಒಬ್ಬರು ಹಳ್ಳದ ಬಾಯಲ್ಲಿ, ಇನ್ನೊಬ್ಬರು ಗುಡ್ಡದ ತಗ್ಗು ಕತ್ತಿನಲ್ಲಿ. ಜಿಂಕೆ ಬಯಲಿಗೆ ಓಡಲ್ಲ, ಮರೆಯಿಂದ ಮರೆಗೆ ಓಡುತ್ತೆ. ಅವರು ನಿಂತು ಇಪ್ಪತ್ತು ನಿಮಿಷ ಆದ ಮೇಲೆ ಮೂರನೆಯವರು ಗಾಳಿಯನ್ನ ಬೆನ್ನಿಗೆ ಹಾಕಿಕೊಂಡು ಹೊರಡಲಿ. ಇಪ್ಪತ್ತು ಹೆಜ್ಜೆ ನಡೆದು ಒಂದು ನಿಮಿಷ ನಿಲ್ಲೋದು, ಅಡ್ಡಾದಿಡ್ಡಿ ನಡೆಯೋದು. ನಿಂತಾಗಲೇ ಜಿಂಕೆಗೆ ಗಾಬರಿ ಜಾಸ್ತಿ. ನಡೆಯುವಾಗ ನೀವೆಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಿರುತ್ತೆ.

ಬಿಲ್ಲಿಗೆ ನಿಂತವರು ಜಾಗ ಬಿಟ್ಟು ಒಂದು ಹೆಜ್ಜೆ ಕದಲಬಾರದು. ಸೋವಿನವರು ಬರೋ ದಿಕ್ಕಿಗೆ ಈಡು ಇಲ್ಲವೇ ಇಲ್ಲ. ಜಿಂಕೆ ನಿಮ್ಮನ್ನ ದಾಟಿ ಹಿಂದೆ ಹೋದ ಮೇಲೆ, ಅದರ ಹಿಂದೆ ಮಣ್ಣಿನ ದಿಬ್ಬ ಇದ್ದರೆ ಮಾತ್ರ. ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧಕ್ಕಾದರೂ ಹೊಳೆಯೋ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು ಅಂತ ಕಾನೂನು, ಟೋಪಿ ಹಾಕಿದರೆ ಅದಕ್ಕೂ ಅಷ್ಟೇ. ಸೋವಿಗೆ ಮಾತ್ರ ಅರ್ಧ ಸಾಲದು, ಪೂರ್ತಿ ಕಿತ್ತಳೆ ಹಾಕಿ. ಪಕ್ಕದ ಜಮೀನಿಗೆ ದಾಟೋ ಮೊದಲು ಯಜಮಾನನ ಒಪ್ಪಿಗೆ.

ಮರಸು ಮಾವ
ಸೋವು ಗುರುವಾರಕ್ಕೆ ಇಟ್ಟುಕೊಳ್ಳಿ. ಮಂಗಳವಾರ, ಬುಧವಾರ ಕಾಡು ಖಾಲಿ ಇರುತ್ತೆ, ಸುಮ್ಮನೆ ಮೇಲಿನ ಇಳಿಜಾರಲ್ಲಿ ಕೂರಿ. ಒಂದೇ ಮಾತು, ಹತ್ತು ಗಂಟೆಗೆ ಇಳಿಯಬೇಡಿ. ಎಲ್ಲರೂ ತಿಂಡಿಗೆ ಇಳಿದು ಹೋಗೋದು ಹತ್ತರಿಂದ ಹನ್ನೊಂದು, ಅವರು ಎಬ್ಬಿಸಿದ ಜಿಂಕೆ ನಿಮ್ಮ ಕಡೆ ಬರೋದು ಆಗಲೇ. ಡಬ್ಬಿ ಮೇಲೆಯೇ ಕಟ್ಟಿಕೊಂಡು ಹೋಗಿ, ಒಂದು ಗಂಟೆವರೆಗೆ ಕೂರಿ. ಹತ್ತುವಾಗ ಸೊಂಟಪಟ್ಟಿಯಲ್ಲ, ಪೂರ್ತಿ ಮೈ ಹಿಡಿಯೋ ಹಾರ್ನೆಸ್. ತೋಟಾ ತೆಗೆದ ಕೋವಿ ಹಗ್ಗದಲ್ಲಿ ಆಮೇಲೆ ಮೇಲೆ ಬರಲಿ.

ಒಂಬತ್ತು ದಿನ ಮುಗಿದ ಮೇಲೂ ಹತ್ತು ದಿನ ಮಸಲ್‌ಲೋಡರ್ (ನಳಿಗೆಯ ಬಾಯಿಂದ ಮದ್ದು ತುಂಬೋ ಕೋವಿ) ಸೀಸನ್ ಇದೆ. ಡಿಸೆಂಬರ್ ನಡುವೆ ಗಬ್ಬ ಕಟ್ಟದ ಹೆಣ್ಣುಗಳು ಮತ್ತೆ ಬೆದೆಗೆ ಬರ್ತವೆ, ಸುಮಾರು 28 ದಿನದ ಸುತ್ತು. ಅಷ್ಟರಲ್ಲಿ ಜೋಳವೂ ಕೊಯ್ದಿರ್ತಾರೆ.

ಪಿಟ್ಸ್‌ಬರ್ಗ್ ಪದ್ದಿ
ಸಿಕ್ಕರೆ ಮರುದಿನ ಸಂಜೆ ಐದರೊಳಗೆ ಆನ್‌ಲೈನ್‌ನಲ್ಲೋ ಫೋನ್‌ನಲ್ಲೋ ರಿಜಿಸ್ಟರ್ ಮಾಡೋದು ಮರೀಬೇಡಿ ಬಸ್ಯಾ. ಖುಷಿಯಲ್ಲಿ ಮರೆಯೋರೇ ಜಾಸ್ತಿ.

ಬ್ಯಾಜರ್ ಬಸ್ಯಾ (ಸೋಮವಾರ, ಮಧ್ಯಾಹ್ನ 1:35)
ರೈತಗ ಫೋನ್ ಹಚ್ಚಿದ್ವಿ. ಬುಧವಾರ ಕಂಬೈನ್ ಇಳಸ್ತಾನಂತ. ಮರಸು ಇವತ್ತ ಸಂಜಿಗೇ ಮ್ಯಾಲಕ್ಕ ಎತ್ತಿ ಕಟ್ಟೂದು.

ನೋಡುಗ 42
ತೋಳ ಕಂಡ್ರೆ ಫೋಟೋ ಹಾಕಿ.